ತೊಳೆದ ದನಿ

ದಾಕ್ಷಾಯಣಿ ಸುಳ್ಳು ಹೇಳುತ್ತಿದ್ದಾಳೆಯೇ? ಹೇಳಲು ಕಾರಣವಾದರೂ ಏನು? ಮಗಳು ಕರೆದಳು ಎನ್ನುತ್ತಾಳೆ. ಒಂದು ಸಲವಲ್ಲ, ಮತ್ತೆ ಮತ್ತೆ ಕರೆದಳು ಎನ್ನುತ್ತಾಳೆ. ನಡುವೆ ಇರುವುದು ಒಂದೇ ಒಂದು ಬಾಗಿಲು, ಅದೂ ಪ್ಲೈವುಡ್ಡಿನದು. ಆ ಬಾಗಿಲಿನಾಚೆ ಒಗ್ಗರಣೆ ಸಿಡಿದದ್ದು ಕೇಳಿಸುತ್ತದೆ, ಬಚ್ಚಲಲ್ಲಿ ನೀರು ಬಿದ್ದದ್ದು ಕೇಳಿಸುತ್ತದೆ, ಮಗಳು ಕರೆದದ್ದು ಮಾತ್ರ ಕೇಳಿಸಿಲ್ಲ. ಹಾಗಾದರೆ ಕಿವಿಯೇ ಕೆಟ್ಟಿದೆಯೇ? ದಿನವಿಡೀ ಹೆಡ್‌ಫೋನ್ ಹಾಕಿಕೊಳ್ಳುವವನಿಗೆ ಅದೇನೂ ಆಶ್ಚರ್ಯವಲ್ಲ. ಆದರೆ ಕೆಟ್ಟ ಕಿವಿಗೆ ಒಗ್ಗರಣೆ ಹೇಗೆ ಕೇಳಿಸಿತು? ಅಥವಾ ಕೇಳಿಸಿಯೂ ಕೇಳಿಸದವನಂತೆ ತಾನು ಸುಮ್ಮನೆ ಕೂತಿದ್ದಿರಬಹುದೇ, ತನಗೇ ಗೊತ್ತಿಲ್ಲದೆ?

ಶಿವಯೋಗಿಯನ್ನು ಹೆಚ್ಚು ಹಿಂಸಿಸಿದ್ದು ಈ ಕೊನೆಯ ಪ್ರಶ್ನೆ. ಪ್ರಯೋಗಾಲಯದ ಕಂಟ್ರೋಲ್ ರೂಮಿನಲ್ಲಿ ತನ್ನ ಪರದೆಯ ಮುಂದೆ ಕೂತಿದ್ದರೂ ಅವನಿಗೆ ಅಲ್ಲಿ ಓಡುತ್ತಿದ್ದ ಗೆರೆಗಳು ಕಾಣುತ್ತಿರಲಿಲ್ಲ. ಬೆಳಗ್ಗೆ ಮನೆಯಲ್ಲಿ ನಡೆದ ಮಾತೇ ತಲೆಯಲ್ಲಿ ಸುತ್ತುತ್ತಿತ್ತು.

"ಮಗಳು ಕರದ್ರ ಒಂದ್ ಸಲ ಓ ಅನ್ನಾಕ ನಿಮಗೇನ್ರಿ ತ್ರಾಸು?" ಬಾಗಿಲಿನ ಆಚೆಯಿಂದ ದಾಕ್ಷಾಯಣಿ ಕೇಳಿದ್ದಳು.

"ಯಾವಾಗ ಕರದ್ಲು?"

"ನಿನ್ನೆ ಸಂಜಿಕೆ. ಬಾಗಲಕ್ಕ ಬಾಯಿ ಹಚ್ಚಿ ಕರದ್ಲು. ನೀವು ಒಳಗ ಕೆಮ್ಮಿದ್ದು ನಮಗ ಕೇಳಸ್ತು, ಅಕಿ ಒದರಿದ್ದು ನಿಮಗ ಕೇಳಿಸಿಲ್ಲ?"

"ಇಲ್ಲ. ಖರೇನ ಕೇಳಿಸಿಲ್ಲ."

"ಹೌದ್ ಬಿಡ್ರಿ. ಊರ ಮಂದಿ ಮಕ್ಕಳ ದನಿ ಎಲ್ಲಾ ನಿಮಗ ಕೇಳಸ್ತದ. ಹಡದ ಮಗಳದ್ದೊಂದು ಕೇಳಸಂಗಿಲ್ಲ."

ಅವನಿಗೆ ಸಿಟ್ಟು ಬಂದಿತ್ತು. ಬೂಟು ಹಾಕಿಕೊಂಡು ಹೊರಟು ಬಂದಿದ್ದ.

ಗೂಡುಜ್ವರ ಬಂದಾಗಿನಿಂದ ಹುಬ್ಬಳ್ಳಿಯ ಎಲ್ಲ ಮನೆಗಳೂ ಹೀಗೆ ಎರಡು ಪಾಲಾಗಿದ್ದವು. ದೊಡ್ಡವರಿಗೆ ಅದು ಬರಿಯ ನೆಗಡಿ. ಮಕ್ಕಳಿಗೆ ಮಿದುಳಿಗೆ ಏರುವ ಜ್ವರ. ಹಾಗಾಗಿ ಹೊಸ್ತಿಲು ನಿಯಮ ಬಂತು. ಹನ್ನೆರಡು ತುಂಬದ ಮಕ್ಕಳು ಮನೆಯ ಹೊಸ್ತಿಲು ದಾಟುವಂತಿಲ್ಲ. ಹೊರಗೆ ದುಡಿಯಲು ಹೋಗುವವರು ಮನೆಯ ಮುಂದಿನ ಕೋಣೆಯಲ್ಲೇ ಇರಬೇಕು, ಒಳಬಾಗಿಲಿನ ಸಂದುಗಳಿಗೆಲ್ಲ ಟೇಪು ಹಚ್ಚಿರಬೇಕು. ಊಟದ ತಟ್ಟೆ ಕಿಟಕಿಯಿಂದ ಕಿಟಕಿಗೆ ದಾಟಿ ಬರಬೇಕು. ಶಿವಯೋಗಿಯ ಏಳು ವರ್ಷದ ಮಗಳು ಪ್ರಣತಿಗೆ ಅಪ್ಪ ಎಂದರೆ ಈಗ ಬಾಗಿಲಿನಾಚೆಯ ಒಂದು ದನಿ, ಅಷ್ಟೆ.

ಮೊದಮೊದಲು ಆ ದನಿಯೇ ಅವಳಿಗೆ ಸಾಕಾಗಿತ್ತು. ಆಮೇಲೆ ಎಲ್ಲ ಮನೆಗಳ ಮಕ್ಕಳಂತೆ ಅವಳೂ ಹಟಕ್ಕೆ ಬಿದ್ದಳು. ಪರದೆ ಹರಿದಳು, ಅವ್ವನ ಮುಂಗೈ ಕಚ್ಚಿದಳು. ಬಿಟ್ಟೇ ಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ತಿರುಗಿ ಬಂತು. ಮಧ್ಯಾಹ್ನದ ಆನ್‌ಲೈನ್ ಪಾಠದ ಹೊತ್ತಿಗೆ ಸರಿಯಾಗಿ ನೆಲಕ್ಕೆ ಬಿದ್ದು ಒದರುವಳು. ಮೇಲಿನ ಮನೆಯ ಗದಿಗೆಪ್ಪ ಕಾಕಾ ಬಾಲ್ಕನಿಯಿಂದ ಬಗ್ಗಿ, "ತಮ್ಮಾ ಶಿವಯೋಗಿ, ಮನ್ಯಾಗ ಮಗಳನ್ನ ಸಾಕೀಯೋ, ಮಿಲ್ಲಿನ ಸೈರನ್ ಸಾಕೀಯೋ?" ಎಂದು ಕೂಗುವರು. ಕೆಳಗಿನ ಮನೆಯ ಅವಳಿ ಹುಡುಗರು ಟಿವಿ ಒಡೆದಿದ್ದರು. ಎದುರು ಮನೆಯ ಹುಡುಗಿ ತನ್ನ ಹುಬ್ಬಿನ ಕೂದಲನ್ನೆಲ್ಲ ಕಿತ್ತುಕೊಂಡಿದ್ದಳು. ಎಲ್ಲ ಮನೆಗಳ ಸದ್ದು ಎಲ್ಲ ಮನೆಗಳಿಗೂ ಕೇಳುತ್ತಿತ್ತು. ಮಕ್ಕಳ ಕಾಟಕ್ಕಿಂತ ಅದರ ಸದ್ದಿನ ಕಾಟ ದೊಡ್ಡದಾಗಿ, ನೆರೆಯವರು ಪೊಲೀಸರಿಗೆ ಫೋನ್ ಮಾಡುವವರೆಗೆ ಬೆಳೆಯಿತು.

ಮೌನಬಿಲ್ಲೆ ಹುಟ್ಟಿದ್ದು ಆಗ. ಅಂಗೈಯಗಲದ ತಗಡಿನ ಬಿಲ್ಲೆ. ಗೋಡೆಗೆ, ಬಾಗಿಲಿಗೆ ಅಂಟಿಸಬಹುದು. ಸದ್ದೆಂದರೆ ಗಾಳಿಯ ಅಲೆ. ಆ ಅಲೆ ಏಳುವ ಹೊತ್ತಿಗೆ ಬಿಲ್ಲೆ ಅಷ್ಟೇ ಬಲದ ತಗ್ಗೊಂದನ್ನು ಹುಟ್ಟಿಸುತ್ತದೆ. ಎರಡೂ ಕೂಡಿದಾಗ ಗಾಳಿ ಸಪಾಟಾಗುತ್ತದೆ. ಕೋಣೆಯೊಳಗೆ ಮಗು ಕಿರುಚಿದ್ದು ಕೋಣೆಯೊಳಗೇ ಇರುತ್ತದೆ, ಗೋಡೆಯಾಚೆ ಏನೂ ಇಲ್ಲ. ಮಾತು, ನಗು, ಪಾತ್ರೆಯ ಸದ್ದು ಎಲ್ಲ ಎಂದಿನಂತೆ ದಾಟುತ್ತವೆ. ಹಟದ ದನಿಯನ್ನಷ್ಟೇ ಅದು ಅಳಿಸುತ್ತದೆ.

ತೊಡಕು ಇದ್ದದ್ದು ಹೊತ್ತಿನಲ್ಲಿ. ಕಿರುಚಾಟ ಶುರುವಾಯಿತೆಂದು ತಿಳಿದ ಮೇಲೆ ಬಿಲ್ಲೆ ಎಚ್ಚತ್ತರೆ ತಡವಾಯಿತು. ಮೊದಲ ಚೀರು ಆಗಲೇ ದಾಟಿರುತ್ತದೆ. ಆದ್ದರಿಂದ ಹಟ ಬರುವ ಮುನ್ನವೇ ಬಿಲ್ಲೆಗೆ ಅದರ ಸುಳಿವು ಸಿಗಬೇಕು. ಅದನ್ನು ಕಲಿಸುವುದು ಕಂಟ್ರೋಲ್ ರೂಮಿನವರ ಕೆಲಸ. ಊರಿನ ಮನೆಗಳೊಳಗಿನ ಮೈಕುಗಳಿಂದ ಬಂದ ದನಿಯ ತುಣುಕುಗಳನ್ನು ಕೇಳಿ, ಹಟ ಎಲ್ಲಿಂದ ಹೊರಟಿತೆಂದು ಪರದೆಯ ಮೇಲೆ ಒಂದು ಗುರುತು ಹಾಕಬೇಕು. ಯಂತ್ರ ಆ ಗುರುತುಗಳಿಂದ ಕಲಿಯುತ್ತದೆ.

ಕೇಳುವುದಕ್ಕೂ ಒಂದು ಕಟ್ಟುಪಾಡು ಇತ್ತು. ಜನರ ಮನೆಯ ಮಾತನ್ನು ಹೊರಗಿನವರು ಕೇಳಬಾರದು. ಅದಕ್ಕಾಗಿ ತುಣುಕುಗಳನ್ನು ಮೊದಲು ತೊಳೆಯುತ್ತಿದ್ದರು. ತೊಳೆದ ದನಿಯಲ್ಲಿ ಮಾತು ಇರುವುದಿಲ್ಲ. ಏರು, ಇಳಿ, ಎಳೆತ ಇಷ್ಟು ಮಾತ್ರ. ಮುಖಕ್ಕೆ ಕಂಬಳಿ ಮುಚ್ಚಿಕೊಂಡು ಯಾರೋ ಗುನುಗಿದ ಹಾಗೆ ಕೇಳಿಸುತ್ತದೆ. ಯಾವ ಮನೆಯದೆಂದೂ ತಿಳಿಯುವುದಿಲ್ಲ.

ಆ ಗುನುಗಿನಲ್ಲಿ ಒಂದು ಸಂಗತಿಯನ್ನು ಮೊದಲು ಹಿಡಿದವನು ಶಿವಯೋಗಿ. ಪ್ರತಿ ಕಿರುಚಾಟಕ್ಕೂ ಮುಂಚೆ ಮೇಲಕ್ಕೆ ಎಳೆದ ಸಣ್ಣ ದನಿಯೊಂದು ಇರುತ್ತದೆ. ಎರಡು ಸಲವೋ ಮೂರು ಸಲವೋ ಬರುತ್ತದೆ, ಪ್ರತಿ ಸಲವೂ ಸ್ವಲ್ಪ ಜೋರಾಗುತ್ತದೆ, ಆಮೇಲೆ ಹಟ. ಹಟದ ಬೇರು ಇದೇ ಎಂದು ಅವನು ಗುರುತನ್ನು ಚೀರಿನಿಂದ ಹಿಂದಕ್ಕೆ, ಆ ಎಳೆದ ದನಿಯ ಮೇಲಕ್ಕೆ ಸರಿಸಿದ. ಅವನ ಗುರುತನ್ನೇ ಎಲ್ಲರೂ ಅನುಸರಿಸಿದರು. ಬಿಲ್ಲೆಗಳು ಮೊದಲ ಚೀರನ್ನೂ ನುಂಗತೊಡಗಿದವು. ಆ ದಿನ ನಿರ್ದೇಶಕಿ ನಳಿನಿ ಜವಳಿಯವರು ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ತರಿಸಿದ್ದರು. ಬಿಲ್ಲೆಗಳನ್ನು ಮೊದಲು ಸಿಬ್ಬಂದಿಯ ಮನೆಗಳಿಗೇ ಹಾಕಿದರು, ಆಮೇಲೆ ಊರಿನ ಉಳಿದ ಮನೆಗಳಿಗೆ. ಗದಿಗೆಪ್ಪ ಕಾಕಾ ಸಮಾಧಾನದಿಂದ, "ಈಗ ನೋಡಪಾ ಮನಿ ಅಂದ್ರ ಮನಿ" ಎಂದರು.

"ಏನಪಾ, ಮಾರಿ ಹಂಗ ಮಾಡಿ?" ಪಕ್ಕದ ಕುರ್ಚಿಯ ರಿಯಾಜ್ ಕೇಳಿದ. "ಮನ್ಯಾಗ ಮತ್ತ ಜಗಳೇನು?"

"ಹಂಗೇನಿಲ್ಲ."

"ಬಿಲ್ಲೆ ತಯಾರು ಮಾಡಿದವರ ಮನ್ಯಾಗ ಜಗಳ ಕೇಳಸಬಾರದೋ ಮಾರಾಯಾ. ಹೆಂಡ್ತಿ ಬೈಗಳಕ್ಕೂ ಒಂದು ಗುರುತು ಹಾಕಿಬಿಡು, ಊರ ಗಂಡಸರೆಲ್ಲಾ ನಿನಗ ಮಾಲಿ ಹಾಕ್ತಾರ."

ಶಿವಯೋಗಿ ನಗಲಿಲ್ಲ. ಹೆಡ್‌ಫೋನ್ ಏರಿಸಿ ಮುಂದಿನ ತುಣುಕು ಒತ್ತಿದ.

ಎಳೆದ ದನಿ. ಒಂದು ಸಲ, ಇನ್ನೊಂದು ಸಲ. ಎರಡನೆಯ ಸಲ ಅದು ಕೊನೆಯಲ್ಲಿ ಮೇಲಕ್ಕೆ ಹಾರಿ, ಅಲ್ಲೇ ತುಸು ನಡುಗಿ, ತಟ್ಟನೆ ಕೆಳಕ್ಕೆ ಬಿತ್ತು. ಅವನ ಕೈ ಮೌಸಿನ ಮೇಲೆ ನಿಂತಿತು.

ಈ ಏರು ಅವನಿಗೆ ಗೊತ್ತಿತ್ತು. ಓಣಿಯಲ್ಲಿ ಗಾಡಿ ತಳ್ಳಿಕೊಂಡು ಬರುವ ಸೊಪ್ಪು ಪಲ್ಯೆ ಮಾರುವವನು "ಮೆಂತೇ ಪಲ್ಲೇ..." ಎಂದು ಹೀಗೆಯೇ ಎಳೆಯುತ್ತಿದ್ದ. ಕಿಟಕಿಯಲ್ಲಿ ಕೂತು ಕೂತು ಪ್ರಣತಿ ಅವನ ರಾಗ ಕಲಿತಿದ್ದಳು. ಬಿಲ್ಲೆ ಬರುವ ಮೊದಲು ಬಾಗಿಲಿಗೆ ಬಂದು ಅದೇ ರಾಗದಲ್ಲಿ "ಅಪ್ಪಾ... ಅಪ್ಪಾಽಽ..." ಎಂದು ಕರೆಯುವಳು. ಅವನು ಈಚೆಯಿಂದ, "ಏನ್ ರೇಟ್ ಪಾ ಪಲ್ಯೆ?" ಎನ್ನುವನು. ಅವಳು ಬಿದ್ದು ಬಿದ್ದು ನಗುವಳು. ಆ ಆಟ ಯಾವಾಗ ನಿಂತಿತೆಂದು ಅವನಿಗೆ ನೆನಪಾಗಲಿಲ್ಲ. ಬೇಸರ ಬಂದು ಬಿಟ್ಟಿರಬೇಕು ಎಂದುಕೊಂಡಿದ್ದ.

ತುಣುಕನ್ನು ತಿರುಗಿ ಕೇಳಿದ. ಮಾತು ತೊಳೆದು ಹೋಗಿತ್ತು, ರಾಗ ಉಳಿದಿತ್ತು. ಪರದೆಯ ಮೂಲೆಯಲ್ಲಿ ಯಂತ್ರದ ಟಿಪ್ಪಣಿ: ಹಟದ ಆರಂಭ. ಅಳಿಸಲಾಗಿದೆ.

ಮಧ್ಯಾಹ್ನದವರೆಗೆ ಅವನು ಹಳೆಯ ತುಣುಕುಗಳನ್ನು ತೆರೆದು ತೆರೆದು ಆ ಎಳೆದ ದನಿಯನ್ನಷ್ಟೇ ಕೇಳಿದ. ಒಮ್ಮೆ ತಿಳಿದ ಮೇಲೆ ಬೇರೆ ಏನೂ ಆಗಿ ಅದು ಕೇಳಿಸಲಿಲ್ಲ. ಎಲ್ಲ ಮಕ್ಕಳೂ ಹಟಕ್ಕೆ ಮುಂಚೆ ಕರೆಯುತ್ತಿದ್ದವು. ಅವ್ವನನ್ನು, ಅಪ್ಪನನ್ನು, ಅಮ್ಮಿಯನ್ನು, ಅಜ್ಜಿಯನ್ನು. ಉತ್ತರ ಬರಲಿಲ್ಲವೆಂದು ಇನ್ನಷ್ಟು ಜೋರಾಗಿ ಕರೆದು, ಆಗಲೂ ಬರಲಿಲ್ಲವೆಂದು ಕಿರುಚುತ್ತಿದ್ದವು. ಅವನು ಆ ಕರೆಯ ಮೇಲೆಯೇ ಗುರುತು ಹಾಕಿದ್ದ. ಈಗ ಕಲಿತ ಬಿಲ್ಲೆ ಕರೆಯನ್ನೇ ನುಂಗುತ್ತಿತ್ತು. ಅಡುಗೆಮನೆಯಲ್ಲಿದ್ದ ಅವ್ವನಿಗೆ ಪಡಸಾಲೆಯ ಮಗು ಕರೆದದ್ದು ಕೇಳಿಸುತ್ತಿರಲಿಲ್ಲ. ಅವ್ವ ಮಾತನಾಡಿದ್ದು ಮಾತ್ರ ಮಗುವಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ಇನ್ನೊಂದು ಸಂಗತಿಯೂ ಆಗ ಹೊಳೆಯಿತು. ಬಿಲ್ಲೆ ಬಂದ ಮೇಲೆ ಮಕ್ಕಳು ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾರೆಂಬ ದೂರು ಎಲ್ಲ ಕಡೆಯಿಂದ ಬರುತ್ತಿತ್ತು. ಪ್ರಣತಿ ಹೋದ ವಾರ ಲಟ್ಟಣಿಗೆಯನ್ನು ಬಾಗಿಲಿಗೆ ಬೀಸಿ ಒಗೆದಿದ್ದಳು. ಅವನು ಈಚೆಯಿಂದ, "ಏ! ಏನದು? ಬುದ್ಧಿ ಇಲ್ಲೇನು?" ಎಂದು ಗದರಿದ್ದ. ಕರೆದರೆ ಬಾರದ ಅಪ್ಪನ ಮಾತು ಒಗೆದರೆ ಬಂದಿತ್ತು. ಮರುದಿನ ಅವಳು ಲೋಟ ಒಗೆದಳು, ಅದರ ಮರುದಿನ ಇಸ್ತ್ರಿಪೆಟ್ಟಿಗೆ. ಆಮೇಲೆ ಅದನ್ನೂ ಬಿಟ್ಟಳು.

ಅವನು ನಳಿನಿ ಜವಳಿಯವರ ಕೋಣೆಗೆ ಹೋದ.

"ಅದು ಹಟ ಅಲ್ರಿ ಮೇಡಂ, ಕರಿಯೂದು. ಮಕ್ಕಳು ಕರಿಯೂ ದನಿನ ಹಟದ ಆರಂಭ ಅಂತ ನಾವು ಬಿಲ್ಲೆಗೆ ಕಲಿಸೇವಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತೊಳದ ದನ್ಯಾಗ ಅದು ಕರಿಯೂದು ಅಂತ ಹೆಂಗ ಗೊತ್ತಾತು?"

"ಗೊತ್ತಾತ್ರಿ."

"ಹಂಗಂದ್ರ ಹೊಸ್ತಿಲು ಸಮಿತಿ ಒಪ್ಪಂಗಿಲ್ಲ ಶಿವಯೋಗಿ. ನಾಳೆ ಮುಂಜಾನಿ ಎಲ್ಲಾ ಜಿಲ್ಲಾಕ್ಕೂ ಬಿಲ್ಲೆ ಕಳಸೂ ಒಪ್ಪಿಗಿಗೆ ಸಭೆ ಅದ. ಈಗ ಬಂದು ಗುರುತ ತಪ್ಪು ಅಂತೀರಿ." ಕನ್ನಡಕ ಮತ್ತೆ ಏರಿಸಿ ಕೇಳಿದರು: "ಗುರುತು ಹಿಂದ ಸರಿಸಿದವರು ಯಾರು?"

ಅವರಿಗೆ ಗೊತ್ತಿತ್ತು. ಅವನು ಕಿಟಕಿಯ ಕಡೆ ನೋಡಿದ.

"ಹೋಗ್ಲಿ ಬಿಡ್ರಿ," ಎಂದರು. "ಆ ಮಾತು ಸಮಿತಿ ಮುಂದ ಬ್ಯಾಡ. ಗುರುತು ತಪ್ಪಿ ಬಿದ್ದದ ಅನ್ರಿ. ಅಷ್ಟ ಸಾಕು."

ಮರುದಿನ ಹೊಸ್ತಿಲು ಸಮಿತಿಯ ಸಭೆ ಪರದೆಯ ಮೇಲೆ ನಡೆಯಿತು. ಆಯತಗಳೊಳಗೆ ಏಳೆಂಟು ಮುಖಗಳು. ಅರ್ಧ ಜನ ಕ್ಯಾಮೆರಾ ಮುಚ್ಚಿದ್ದರು. ಶಿವಯೋಗಿ ಅಲೆಯ ಚಿತ್ರ ತೋರಿಸಿದ. ತುಣುಕುಗಳನ್ನು ಕೇಳಿಸಿದ. ಗುರುತು ತಪ್ಪಿ ಬಿದ್ದಿದೆ, ಅದನ್ನು ಮುಂದಕ್ಕೆ, ಮೊದಲಿನ ಜಾಗಕ್ಕೆ ತರಬೇಕು ಎಂದ. ತಂದರೆ ಮೊದಲ ಚೀರು ಗೋಡೆ ದಾಟುತ್ತದೆ, ಅದನ್ನು ಜನ ಸಹಿಸಿಕೊಳ್ಳಬೇಕಾಗುತ್ತದೆ ಎಂದೂ ಹೇಳಿದ.

"ಅಂದ್ರೆ ನೆರೆಯವರ ದೂರು ಮತ್ತೆ ಶುರುವಾಗತ್ತೆ?" ಅಧ್ಯಕ್ಷರು ಕೇಳಿದರು.

"ಸ್ವಲ್ಪ ಆಗ್ತಾವ್ರಿ ಸರ್. ಆದರೆ ಮಗು ಕರೆದರೆ ತಾಯಿಗೆ ಕೇಳಿಸ್ತದೆ."

"ತಾಯಿ ಆಗಾಗ ಹೋಗಿ ಮಗುನ ನೋಡ್ಕೊಂಡು ಬಂದ್ರಾಯ್ತಪ್ಪ. ಅದಕ್ಕೇನು ಯಂತ್ರ ಬೇಕಾ?"

ಇನ್ನೊಂದು ಆಯತದೊಳಗಿನ ಹೆಂಗಸು ಕಾಗದ ತಿರುವಿದರು. "ನಿಮ್ಮದೇ ವರದಿಯಲ್ಲಿ ಹಟದ ಗೆರೆ ವಾರದಿಂದ ವಾರಕ್ಕೆ ಇಳಿದಿದೆ. ಈ ಎಳೆದ ದನಿ ಅಂತೀರಲ್ಲ, ಅದೂ ಇಳೀತಾ ಇದೆ. ಮಕ್ಕಳು ಸುಧಾರಿಸಿದ್ದಾರೆ ಅಂತಲೇ ಅಲ್ವಾ ಅರ್ಥ?"

"ಸುಧಾರಿಸಿದ್ದಲ್ಲ ಮೇಡಂ. ಕರೆದರೂ ಯಾರೂ ಓ ಅನ್ನೋದಿಲ್ಲ ಅಂತ ತಿಳಿದು ಕರೆಯೋದೇ ಬಿಟ್ಟಿದ್ದಾರೆ. ಸುಮ್ಮನಾಗಿದ್ದಾರೆ."

"ನಮಗೆ ಬೇಕಾಗಿದ್ದೂ ಅದೇ ಅಲ್ವೇ?" ಅಧ್ಯಕ್ಷರು ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದರು.

ಶಿವಯೋಗಿ ಮೈಕಿನತ್ತ ಬಾಗಿದ. ಏನನ್ನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಯಾರದೋ ಮನೆಯ ಕುಕ್ಕರ್ ಕೂಗಿತು, ಅಧ್ಯಕ್ಷರು ಮುಂದಿನ ವಿಷಯ ಎತ್ತಿಕೊಂಡರು. ಕೊನೆಗೆ ಆದ ತೀರ್ಮಾನ ಇಷ್ಟು: ಗುರುತು ಇದ್ದಲ್ಲೇ ಇರಲಿ, ಬಿಲ್ಲೆಗೆ ಒಂದು ಸ್ವಿಚ್ಚು ಇಡೋಣ, ಬೇಡವಾದವರು ಆಫ್ ಮಾಡಿಕೊಳ್ಳಲಿ.

"ಯಾರು ಆಫ್ ಮಾಡ್ತಾರ?" ಹೊರಗೆ ಬಂದ ಮೇಲೆ ರಿಯಾಜ್ ಅಂದ. "ನಿನ್ನೆ ರಾತ್ರಿ ನಮ್ಮ ಮನ್ಯಾಗ ಬಿಲ್ಲೆ ತಗೀತೇನಿ ಅಂತ ಹೇಳಿ ನೋಡಿದೆ. ನಮ್ಮ ಅಮ್ಮಿ ಬಿಲ್ಲೆ ಮ್ಯಾಲ ಕೈ ಇಟ್ಟು ನಿಂತ್ಲು. ಇದನ್ನ ಮುಟ್ಟಿದ್ರ ನಾ ಊರ ಬಿಟ್ಟು ಹೋಗ್ತೇನಿ ಅಂದ್ಲು." ಅವನ ಮುಖದಲ್ಲಿ ಎಂದಿನ ತಮಾಷೆ ಇರಲಿಲ್ಲ.

ಶಿವಯೋಗಿ ಬೇಗ ಮನೆಗೆ ಹೋದ. ಸಮಿತಿ ಸರಿಪಡಿಸೀತೆಂದು ನಿನ್ನೆ ಮುಟ್ಟದೆ ಬಿಟ್ಟಿದ್ದ ಒಳಬಾಗಿಲಿನ ಬಿಲ್ಲೆಗಳನ್ನು ಒಂದೊಂದಾಗಿ ಚಾಕುವಿನಿಂದ ಎಬ್ಬಿಸಿ ಕಿತ್ತ. ಬಣ್ಣವೂ ಎದ್ದು ಬಂತು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

ಒಳಗೆ ಚಪಾತಿ ಲಟ್ಟಿಸುವ ಸದ್ದಿತ್ತು. ಮಗಳ ಸದ್ದಿರಲಿಲ್ಲ.

"ದಾಕ್ಷಾಯಣಿ," ಎಂದ. "ಪ್ರಣತಿ ಏನ್ ಮಾಡಾಕತ್ತಾಳ?"

"ಹಿಂದಿನ ಕೋಣ್ಯಾಗ ಗ್ವಾಡಿ ಕಡೆ ಮಾರಿ ಮಾಡಿ ಕುಂತಾಳ. ಮುಂಜಾನಿಯಿಂದ ಒಂದ್ ಮಾತಿಲ್ಲ. ಹಟಾನೂ ಇಲ್ಲ, ಹಾಳೂ ಇಲ್ಲ. ಹಟಾ ಮಾಡಿದ್ರರ ಬೇಸಿತ್ತು ಅನಸಾಕತ್ತದ ನನಗ."

"ಬಿಲ್ಲೆ ತಪ್ಪು ಮಾಡಿತ್ತು. ಅಕಿ ಕರದಿದ್ದನ್ನ ಅದು ಅಳಸಾಕತ್ತಿತ್ತು. ಈಗ ತಗದೇನಿ."

ಲಟ್ಟಿಸುವ ಸದ್ದು ನಿಂತಿತು. ನಿನ್ನೆ ಬೆಳಗಿನ ಮಾತನ್ನು ನೆನೆಸಿಕೊಳ್ಳುತ್ತಿರಬೇಕು ಎಂದುಕೊಂಡ. ಅವಳು ಬಾಗಿಲ ಹತ್ತಿರ ಬಂದ ಬಳೆಯ ಸದ್ದಾಯಿತು.

"ಅಂದ್ರ ನಿಮಗ ಖರೇನ ಕೇಳಿಸಿಲ್ಲ?"

"ಇಲ್ಲ."

"ಹಂಗಂದ್ರ ಅಕಿಗೆ ಹೇಳ್ರಿ. ಅಪ್ಪಗ ನಾ ಬ್ಯಾಡಾಗೇನಿ ಅಂತ ತಿಳಕೊಂಡಾಳ ಆ ಕೂಸು."

"ನೀನ ಹೇಳು."

"ನಾ ಹೇಳೂದಲ್ರಿ ಇದು. ನಾ ಹೇಳಿದ್ರ ಅಪ್ಪನ ಕಡೆ ಮಾತಾಡಾಕತ್ತಾಳ ಅವ್ವ ಅಂತಾಳ. ನಿಮ್ಮ ಬಾಯಿಲೆ ಹೇಳ್ರಿ."

ಅವನು ತಿರುಗಿ ಕೂತು, ಟೇಪು ಹಚ್ಚಿದ ಸಂದಿಗೆ ಮುಖ ತಂದು ಕರೆದ. "ಪ್ರಣತಿ. ಪ್ರಣತೀ... ಪಲ್ಯೆ ತಂದೀ ಏನವಾ?"

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅವಳ ದನಿ ಬಂತು, ಅವನಿಗಲ್ಲ, ಅವ್ವನಿಗೆ:

"ಅವ್ವಾ, ಅವರಿಗೆ ಹೇಳು. ನಾ ಕೆಲಸದಾಗ ಅದೀನಿ ಅಂತ."

ದಾಕ್ಷಾಯಣಿ ಅದನ್ನು ದಾಟಿಸಲಿಲ್ಲ. ದಾಟಿಸುವ ಅಗತ್ಯವಿರಲಿಲ್ಲ. ಅವನು ಕಾದ. ಚಪಾತಿ ಸೀದ ವಾಸನೆ ಬಂತು, ದಾಕ್ಷಾಯಣಿ ಒಲೆಯ ಕಡೆ ಹೋದಳು. ಆಗ ಸಣ್ಣ ಹೆಜ್ಜೆಗಳು ಬಾಗಿಲಿನವರೆಗೆ ಬಂದು ನಿಂತವು. ಆಚೆ ಉಸಿರಾಟ ಕೇಳಿಸಿತು.

"ಅಪ್ಪಾ."

"ಓ." ಅವನು ಗಡಬಡಿಸಿ ಅಂದ. "ಓ, ಹೇಳವಾ."

"ನಾ ಕರದಾಗ ನಿನಗ ಕೇಳಸ್ತಿತ್ತು?"

ಉತ್ತರ ಚಿಕ್ಕದಿತ್ತು. ಇಲ್ಲ ಎಂದರೆ ಸಾಕಿತ್ತು. ಆದರೆ ಇಲ್ಲ ಎಂದರೆ ಯಾಕೆ ಎನ್ನುತ್ತಾಳೆ. ಬಿಲ್ಲೆ ಎಂದರೆ, ಬಿಲ್ಲೆಗೆ ಯಾರು ಹೇಳಿಕೊಟ್ಟರು ಎನ್ನುತ್ತಾಳೆ. ಅವಳು ಹಾಗೆ ಕೇಳುವ ಹುಡುಗಿಯೇ. ಅಷ್ಟೆಲ್ಲ ಕೇಳಿದ ಮೇಲೆ ಈ ಬಾಗಿಲಿನಾಚೆ ಅವಳ ಮುಖ ಹೇಗಾಗುತ್ತದೆಂದು ಅವನಿಗೆ ಕಾಣುವುದೂ ಇಲ್ಲ. ಅವನು ಟೇಪಿನ ಅಂಚನ್ನು ಉಗುರಿನಿಂದ ಒತ್ತಿ ಒತ್ತಿ ಕೂರಿಸಿದ.

"ಈಗ ಕೇಳಸ್ತದಲ್ಲ," ಎಂದ.

"ಹೂಂ," ಎಂದಳು ಪ್ರಣತಿ. ಹೆಜ್ಜೆಗಳು ಹಿಂದಕ್ಕೆ ಹೋದವು.

ಮಳೆಗಾಲ ಮುಗಿಯುವ ಹೊತ್ತಿಗೆ ಲಸಿಕೆ ಬಂತು, ಹೊಸ್ತಿಲು ನಿಯಮ ಹೋಯಿತು. ಬಾಗಿಲಿನ ಟೇಪು ಬಿಚ್ಚಿದ ದಿನ ಗದಿಗೆಪ್ಪ ಕಾಕಾ ಎಲ್ಲರಿಗೂ ಚುರುಮುರಿ ಹಂಚಿದರು. ಪ್ರಣತಿ ಹೊರಗೆ ಬಂದು ಅಪ್ಪನ ಸೊಂಟ ಹಿಡಿದು ನಿಂತಳು. ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಶಾಲೆಗೆ ಹೋದಳು, ಗೆಳತಿಯರಾದರು, ಹಟ ಹೋಯಿತು, ಹಾಸಿಗೆ ಒಣಗಿತು. ಒಳ್ಳೆಯ ಹುಡುಗಿ ಎಂದು ಶಿಕ್ಷಕಿ ಹೊಗಳಿದರು. ಗದ್ದಲ ಮಾಡುವುದಿಲ್ಲ, ಏನನ್ನೂ ಕೇಳುವುದಿಲ್ಲ ಎಂದರು. ಮನೆಯಲ್ಲೂ ಅವಳಿಗೆ ಏನಾದರೂ ಬೇಕಾದರೆ ಎದ್ದು ಬಂದು ಎದುರಿಗೆ ನಿಲ್ಲುತ್ತಿದ್ದಳು, ಅವನು ತಲೆ ಎತ್ತುವವರೆಗೆ ಕಾಯುತ್ತಿದ್ದಳು. ಇನ್ನೊಂದು ಕೋಣೆಯಿಂದ ಅಪ್ಪಾ ಎಂದು ಕರೆದದ್ದಿಲ್ಲ. ಒಂದೊಂದು ಸಲ ಅವಳು ಹಾಗೆ ನಿಂತಾಗ ಶಿವಯೋಗಿಯ ಬಾಯಿಗೆ ಮಾತು ಬರುತ್ತಿತ್ತು. ಅವಳಿಗೆ ಬೇಕಾದದ್ದು ಪೆನ್ಸಿಲ್ಲೋ ಕತ್ತರಿಯೋ ಆಗಿರುತ್ತಿತ್ತು. ಅವನು ಹುಡುಕಿ ಕೊಡುತ್ತಿದ್ದ. ಅವಳು ಹೋಗುತ್ತಿದ್ದಳು.

ನಿನ್ನ ಕರೆ ನನಗೆ ಕೇಳಿಸಿರಲಿಲ್ಲ, ಕೇಳಿಸದ ಹಾಗೆ ಮಾಡಿದವನು ನಾನೇ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.